ಇಂಗ್ಲೆಂಡಿನಲ್ಲಿ ಹಳೇ ವ್ಯಾನ್ ತಗೊಳ್ಳುವ ಮುಂಚೆ: ಮಂಡ್ಯದಿಂದ ಹೊರಟವರಿಗೆ

ರಜೆಗೆ ಅಂತ ಮಂಡ್ಯಕ್ಕೆ ಬಂದು ಹತ್ತು ದಿನ ಆಯಿತು. ಬಂದ ಎರಡನೇ ದಿನವೇ ಪಕ್ಕದ ಬೀದಿಯ ಹುಡುಗ ಮನೆಗೆ ಬಂದು ಕೂತ. ಅವನ ಹೆಂಡತಿಗೆ ಬರ್ಮಿಂಗ್‌ಹ್ಯಾಮ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಇವನೂ ಜೊತೆಗೆ ಹೊರಟಿದ್ದಾನೆ. "ಅಣ್ಣ, ಅಲ್ಲಿ ಒಂದು ಹಳೇ ವ್ಯಾನ್ ತಗೊಂಡು ಪಾರ್ಸೆಲ್ ಲೈನ್‌ಗೆ ಹಾಕಿದ್ರೆ ಆಗುತ್ತಾ?" ಅಂದ. ಆಗುತ್ತದೆ. ನಾನೂ ಅಲ್ಲಿಗೆ ಹೋಗಿ ಹದಿನಾಲ್ಕು ವರ್ಷ ಆಯಿತು, ವಾರಾಂತ್ಯದಲ್ಲಿ ಅಡುಗೆ ಆರ್ಡರ್ ಮಾಡುತ್ತೇನೆ, ಈಗ ಓಡಿಸುತ್ತಿರುವುದು ಮೂರನೇ ವ್ಯಾನ್. ಮೊದಲನೆಯದರಲ್ಲಿ ಚೆನ್ನಾಗಿ ಏಟು ತಿಂದೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಮೈಸೂರಿನಿಂದ ಇನ್ನಿಬ್ಬರು ಫೋನ್ ಮಾಡಿ ಕೇಳಿದರು.

ಗಾಡಿ ವಿಷಯಕ್ಕೆ ಮುಂಚೆ ವೀಸಾ ವಿಷಯ ಒಂದು ಮಾತು. ಸ್ಟೂಡೆಂಟ್ ವೀಸಾದಲ್ಲಿ ಹೋದವರು ಸ್ವಂತ ಉದ್ಯೋಗ ಮಾಡುವ ಹಾಗಿಲ್ಲ. ವ್ಯಾನ್ ಇಟ್ಟುಕೊಂಡು ಡೆಲಿವರಿ ಮಾಡುವುದು ಹೆಚ್ಚಿನ ಕಡೆ ಸ್ವಂತ ಉದ್ಯೋಗ ಅಂತಲೇ ಲೆಕ್ಕ. "ಎಲ್ಲರೂ ಮಾಡ್ತಾರೆ" ಅಂತ ಯಾರೋ ಹೇಳಿದರು ಅಂತ ಇಳಿಯಬೇಡಿ, ಸಿಕ್ಕಿಬಿದ್ದರೆ ಹೋಗುವುದು ವ್ಯಾನ್ ಅಲ್ಲ, ವೀಸಾ. ಓದು ಮುಗಿಸಿ ಗ್ರಾಜುಯೇಟ್ ವೀಸಾಗೆ ಬಂದಮೇಲೆ ಮಾಡಬಹುದು. ನಮ್ಮ ಹುಡುಗನಂತೆ ಡಿಪೆಂಡೆಂಟ್ ಆಗಿ ಹೋದವರಿಗೂ ತೊಂದರೆ ಇಲ್ಲ. ನಿಮ್ಮ ವೀಸಾದಲ್ಲಿ ಏನು ಬರೆದಿದೆ ಅನ್ನುವುದನ್ನು ಒಮ್ಮೆ ನೀವೇ ಓದಿಕೊಳ್ಳಿ.

ಈಗ ಗಾಡಿ. ನಮ್ಮ ಮಾವನ ಹತ್ತಿರ ಟಾಟಾ ಏಸ್ ಇತ್ತು, ಆಲೆಮನೆಯಿಂದ ಬೆಲ್ಲ ತುಂಬಿಕೊಂಡು ಮಂಡ್ಯ ಎಪಿಎಂಸಿಗೆ ಹೊಡೆಯುತ್ತಿದ್ದರು. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಯಾರೇ ಕರೆದರೂ ಹೋಗುತ್ತಿದ್ದರು. ಹೋದವರೇ ಓನರ್‌ಗೆ ನಮಸ್ಕಾರ ಹೇಳುವುದಕ್ಕೂ ಮುಂಚೆ ಎಂಜಿನ್ ಮೇಲೆ ಅಂಗೈ ಇಡುತ್ತಿದ್ದರು. ಬೆಚ್ಚಗಿದ್ದರೆ ಮುಗಿಯಿತು. "ಬಿಸಿ ಅದೆ. ಟೀ ಕುಡ್ಕಂಡ್ ಬರವಾ ಬಾ" ಅಂತ ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು, ಒಂದು ಗಂಟೆ ಆದರೂ ವಾಪಸ್ ಬರುತ್ತಿರಲಿಲ್ಲ. ನಾವು ಬರುವ ಮುಂಚೆ ಓನರ್ ಗಾಡಿ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾನೆ ಅಂದರೆ ತಣ್ಣಗಿದ್ದಾಗ ಅದು ಏನೋ ತಕರಾರು ಮಾಡುತ್ತದೆ ಅಂತ ಅರ್ಥ. ಡೀಸೆಲ್ ಗಾಡಿಗೆ ಇದು ಎಲ್ಲಿ ಹೋದರೂ ಅಷ್ಟೇ. ಅಲ್ಲಿ ಜನವರಿ ಬೆಳಗ್ಗೆ ಸೊನ್ನೆ ಡಿಗ್ರಿಯಲ್ಲಿ ಸ್ಟಾರ್ಟ್ ಆಗಬೇಕು, ಹಾಗಾಗಿ ಇನ್ನೂ ಜಾಸ್ತಿ.

ಆಮೇಲೆ ಹೊಗೆ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ. ಬಿಳಿ ಹೊಗೆ ಚಳಿಯಲ್ಲಿ ಮೊದಲ ಎರಡು ನಿಮಿಷ ಬಂದರೆ ಗಾಬರಿ ಬೇಡ, ಎಂಜಿನ್ ಕಾದಮೇಲೂ ಬರುತ್ತಲೇ ಇದ್ದರೆ ಕೂಲೆಂಟ್ ಒಳಗೆ ಹೋಗುತ್ತಿರಬಹುದು. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ಬಿಚ್ಚಿ ಅದೇ ತೂತಿನ ಮೇಲೆ ಸುಮ್ನೆ ಉಲ್ಟಾ ಇಡಿ. ಕುಣಿದು ಬಿದ್ದರೆ ನಮ್ಮ ಮೆಕ್ಯಾನಿಕ್‌ಗಳು ಹೇಳುವ ಬ್ಯಾಕ್ ಕಂಪ್ರೆಷನ್, ಎಂಜಿನ್ ಸವೆದಿದೆ. ಇದನ್ನೆಲ್ಲ ಗುತ್ತಲು ರಸ್ತೆಯ ಗ್ಯಾರೇಜಿನಲ್ಲಿ ಕಲಿತವನಿಗೆ ಅಲ್ಲಿ ಹೊಸದಾಗಿ ಯಾರೂ ಹೇಳಿಕೊಡಬೇಕಾಗಿಲ್ಲ.

ಹೇಳಿಕೊಡಬೇಕಾಗಿರುವುದು ತುಕ್ಕು. ಮಂಡ್ಯದಲ್ಲಿ ಇಪ್ಪತ್ತು ವರ್ಷದ ಗಾಡಿಗೂ ಅಡಿಯಲ್ಲಿ ಮಣ್ಣು ಇರುತ್ತದೆ, ತೊಳೆದರೆ ಒಳಗೆ ಕಬ್ಬಿಣ ಗಟ್ಟಿಯಾಗಿ ಸಿಗುತ್ತದೆ. ಅಲ್ಲಿ ಚಳಿಗಾಲದಲ್ಲಿ ರಸ್ತೆ ಮೇಲೆ ಹಿಮ ಗಟ್ಟಬಾರದು ಅಂತ ಲಾರಿಯಲ್ಲಿ ಕಲ್ಲುಪ್ಪು ಎರಚುತ್ತಾರೆ. ಆ ಉಪ್ಪುನೀರು ಗಾಡಿ ಅಡಿಗೆ ಹೊಡೆದು ಹೊಡೆದು ಚಾಸಿಯನ್ನು ಹಪ್ಪಳ ಮಾಡಿಬಿಡುತ್ತದೆ. ನನ್ನ ಮೊದಲ ವ್ಯಾನ್ ಬಿಳಿ ಬಣ್ಣ, ಪಾಲಿಶ್ ಹೊಡೆದು ಮದುಮಗನ ಹಾಗೆ ನಿಲ್ಲಿಸಿದ್ದರು. ಒಳಗೆ ಹೊಸ ಪ್ಲೈವುಡ್ ಹಾಸಿತ್ತು. ಎಂಜಿನ್ ಗಂಟೆಯ ಹಾಗಿತ್ತು. ನಾನು ಎಂಜಿನ್ ನೋಡಿ ದುಡ್ಡು ಕೊಟ್ಟೆ. ಐದು ತಿಂಗಳಾದ ಮೇಲೆ ಒಂದು ದಿನ ಪಾತ್ರೆ ಇಳಿಸುವಾಗ ಪಕ್ಕದ ಜಾರುವ ಬಾಗಿಲು ಕೆಳಗಿನ ಹಳಿಯಿಂದ ಕಳಚಿ ಕೈಗೆ ಬಂತು. ಹಳಿ ಕೂತಿದ್ದ ತಗಡು ಪೂರಾ ಪುಡಿ. ಪ್ಲೈವುಡ್ ಕಿತ್ತು ನೋಡಿದರೆ ಚಕ್ರದ ಕಮಾನಿನ ಹತ್ತಿರ ರಸ್ತೆ ಕಾಣಿಸುತ್ತಿತ್ತು. ವೆಲ್ಡಿಂಗ್‌ಗೆ ಗಾಡಿ ಬೆಲೆಯ ಕಾಲು ಭಾಗ ಹೋಯಿತು.

ಅದಕ್ಕೆ ನೋಡಲು ಹೋಗುವಾಗ ಹಳೇ ಬಟ್ಟೆ ಹಾಕಿಕೊಂಡು ಹೋಗಿ, ನೆಲದ ಮೇಲೆ ಮಲಗಿ, ಟಾರ್ಚ್ ಬಿಡಿ. ಜೇಬಿನಲ್ಲಿ ಒಂದು ಪುಟ್ಟ ಆಯಸ್ಕಾಂತ ಇರಲಿ. ಬಾಗಿಲ ಕೆಳಗಿನ ಅಂಚು, ಚಕ್ರದ ಕಮಾನು, ಇಲ್ಲೆಲ್ಲ ಆಯಸ್ಕಾಂತ ಅಂಟದಿದ್ದರೆ ತಗಡು ಇಲ್ಲ, ತೂತಿಗೆ ಪುಟ್ಟಿ ಬಳಿದು ಬಣ್ಣ ಹೊಡೆದಿದ್ದಾರೆ. ಅಡಿಯಲ್ಲಿ ಹೊಸದಾಗಿ ಕಪ್ಪು ಬಣ್ಣ ಹೊಡೆದಿದ್ದರೆ ಇನ್ನೂ ಅನುಮಾನ ಪಡಿ. ಒಳಗೆ ಪ್ಲೈವುಡ್ ಇದ್ದರೆ ಒಂದು ಮೂಲೆ ಎತ್ತಿ ನೋಡುತ್ತೇನೆ ಅಂತ ಕೇಳಿ. ಬೇಡ ಅಂದರೆ ಬೇರೆ ವ್ಯಾನ್ ನೋಡಿ.

ಬೇಜಾರು ಏನು ಗೊತ್ತಾ? ಈ ತುಕ್ಕಿನ ಕಥೆ ಎಲ್ಲ ಮೊದಲೇ ಬರೆದಿಟ್ಟಿತ್ತು, ನಾನು ಓದಿರಲಿಲ್ಲ. ನಮ್ಮಲ್ಲಿ ಎಫ್‌ಸಿ ಇದ್ದ ಹಾಗೆ ಅಲ್ಲಿ ಎಂಒಟಿ ಅಂತ ಗಾಡಿ ತಪಾಸಣೆ. ಹೊಸ ವ್ಯಾನ್‌ಗೆ ಮೂರು ವರ್ಷ ಆದಮೇಲೆ ಶುರು, ಆಮೇಲೆ ಪ್ರತಿ ವರ್ಷ. ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ ಸಾಕು, ಬಿಟ್ಟಿಯಾಗಿ ಇಷ್ಟೂ ವರ್ಷದ ಟೆಸ್ಟ್ ಕಾಣಿಸುತ್ತದೆ: ಯಾವಾಗ ಪಾಸ್, ಯಾವಾಗ ಫೇಲ್, ಯಾಕೆ, ಆ ದಿನ ಮೀಟರ್ ಎಷ್ಟು ತೋರಿಸುತ್ತಿತ್ತು. ಪಾಸ್ ಅಂತ ಹಸಿರು ಬಣ್ಣ ನೋಡಿ ಮುಚ್ಚಬೇಡಿ. ಕೆಳಗೆ ಅಡ್ವೈಸರಿ ಅಂತ ಇರುತ್ತದೆ, ಅಂದರೆ ಈಗ ಪಾಸ್ ಮಾಡಿದ್ದೇವೆ, ಇದನ್ನು ನೋಡಿಕೊಳ್ಳಿ ಅಂತ. ನನ್ನ ವ್ಯಾನ್‌ಗೆ ಎರಡು ವರ್ಷ ಸತತವಾಗಿ ತುಕ್ಕು ಅಂತ ಬರೆದಿದ್ದರು. ಒಂದೇ ಅಡ್ವೈಸರಿ ಮೂರು ವರ್ಷ ರಿಪೀಟ್ ಆಗಿದ್ದರೆ ಆ ಓನರ್ ಗಾಡಿಗೆ ದುಡ್ಡು ಹಾಕುವವನಲ್ಲ. ಮೀಟರ್ ತಿರುಗಿಸಿದ್ದರೂ ಇಲ್ಲೇ ಗೊತ್ತಾಗುತ್ತದೆ, ಒಂದು ವರ್ಷ 98,000 ಇದ್ದದ್ದು ಮುಂದಿನ ವರ್ಷ 71,000 ಆಗಲು ಸಾಧ್ಯವಿಲ್ಲ. ಅಂದಹಾಗೆ ಅದು ಮೈಲಿ. ಹೊಸಬರು 90,000 ನೋಡಿ ಪರವಾಗಿಲ್ಲ ಅಂದುಕೊಳ್ಳುತ್ತಾರೆ. ನಮ್ಮ ಲೆಕ್ಕದಲ್ಲಿ ಒಂದು ಲಕ್ಷದ ನಲವತ್ತೈದು ಸಾವಿರ ಕಿಲೋಮೀಟರ್ ಅದು.

ಕಾಗದದಲ್ಲಿ ನಮ್ಮವರು ಬೀಳುವ ಹಳ್ಳ ಇನ್ನೊಂದಿದೆ. ಇಲ್ಲಿ ಆರ್‌ಸಿ ತೆಗೆದು ನೋಡಿದರೆ ಗಾಡಿ ಮೇಲೆ ಲೋನ್ ಇದ್ದರೆ ಎಚ್‌ಪಿ ಅಂತ ಬಂದಿರುತ್ತದೆ, ಬ್ಯಾಂಕಿನ ಎನ್‌ಒಸಿ ತನ್ನಿ ಅಂತ ಕೇಳುತ್ತೇವೆ. ಅಲ್ಲಿ ಆರ್‌ಸಿ ಜಾಗದಲ್ಲಿ ವಿ5ಸಿ ಅಂತ ಒಂದು ಕಾಗದ, ಲಾಗ್‌ಬುಕ್ ಅಂತಾರೆ. ಅದರಲ್ಲಿ ಲೋನ್ ವಿಷಯ ಬರೆಯುವುದಿಲ್ಲ. ಅಷ್ಟೇ ಅಲ್ಲ, ಅದು ಮಾಲೀಕತ್ವದ ದಾಖಲೆಯೂ ಅಲ್ಲ, ಗಾಡಿ ಯಾರ ಹೆಸರಲ್ಲಿ ರಿಜಿಸ್ಟರ್ ಆಗಿದೆ ಅಂತ ಮಾತ್ರ ಹೇಳುತ್ತದೆ, ಹಾಗಂತ ಆ ಕಾಗದದ ಮೇಲೇ ಬರೆದಿರುತ್ತಾರೆ. ಸಾಲ ತೀರದ ಗಾಡಿ ತಗೊಂಡರೆ ಸಾಲ ಕೊಟ್ಟ ಕಂಪನಿ ನಾಳೆ ಬಂದು ಗಾಡಿ ನಮ್ಮದು ಅನ್ನಬಹುದು. ಅದಕ್ಕೆ ದುಡ್ಡು ಕೊಟ್ಟು ಹಿಸ್ಟರಿ ಚೆಕ್ ಮಾಡಿಸಲೇಬೇಕು, ಒಂದು ಹೊತ್ತಿನ ಹೋಟೆಲ್ ಊಟದಷ್ಟು ಖರ್ಚು. ಸಾಲ, ಕಳ್ಳತನ, ಆಕ್ಸಿಡೆಂಟ್ ಮೂರೂ ಅದರಲ್ಲಿ ಬರುತ್ತದೆ. ಕೆಟಗರಿ ಎಸ್ ಅಂತ ಬಂದರೆ ಚಾಸಿಗೇ ಏಟು ಬಿದ್ದು ರಿಪೇರಿ ಆದದ್ದು, ಎನ್ ಅಂದರೆ ಚಾಸಿಗೆ ಬಿದ್ದಿಲ್ಲ, ಬೇರೆ ಏಟು. ಎನ್ ಗಾಡಿ ಕಡಿಮೆ ಬೆಲೆಗೆ ಸಿಕ್ಕರೆ ಯೋಚನೆ ಮಾಡಬಹುದು. ಎಸ್ ಗಾಡಿಗೆ ನಾನಂತೂ ಕೈ ಹಾಕುವುದಿಲ್ಲ.

ಬೆಲೆ ಚೀಟಿ ನೋಡುವಾಗ ಕೊನೆಯಲ್ಲಿ ಪುಟ್ಟ ಅಕ್ಷರದಲ್ಲಿ "ಪ್ಲಸ್ ವ್ಯಾಟ್" ಅಂತ ಇದೆಯಾ ನೋಡಿ. ಕಾರಿಗೆ ಹೀಗೆ ಹಾಕುವುದು ಕಮ್ಮಿ, ವ್ಯಾನ್‌ಗೆ ಮಾಮೂಲು. 8,000 ಪೌಂಡ್ ಪ್ಲಸ್ ವ್ಯಾಟ್ ಅಂದರೆ ಕೈಯಿಂದ ಹೋಗುವುದು 9,600. ವ್ಯಾಟ್ ರಿಜಿಸ್ಟರ್ ಆದ ವ್ಯಾಪಾರಿ ಆ 1,600 ವಾಪಸ್ ಪಡೆಯುತ್ತಾನೆ, ಹೊಸದಾಗಿ ಶುರು ಮಾಡುವ ನಮ್ಮಂಥವರಿಗೆ ಅದು ಹೋದ ದುಡ್ಡೇ. "ನೋ ವ್ಯಾಟ್" ಅಂತ ಇರುವ ಗಾಡಿ ಹುಡುಕಿ.

ಇನ್ನು ಹೊಗೆ ಟ್ಯಾಕ್ಸ್. ಬರ್ಮಿಂಗ್‌ಹ್ಯಾಮ್ ನಗರದ ನಡುವೆ ಹಳೇ ಡೀಸೆಲ್ ವ್ಯಾನ್ ಒಳಗೆ ಹೋದರೆ ದಿನಕ್ಕೆ 8 ಪೌಂಡ್, ಲಂಡನ್‌ನಲ್ಲಿ 12.50. ಲಂಡನ್ನಿನದು 2023ರ ಆಗಸ್ಟ್ 29ರಿಂದ ಊರಿಗೆ ಊರೇ ಸೇರಿಕೊಂಡಿದೆ. ಇದು ಬೀಳಬಾರದು ಅಂದರೆ ಡೀಸೆಲ್ ಗಾಡಿ ಯೂರೋ 6 ಇರಬೇಕು, ನಮ್ಮ ಬಿಎಸ್ 6 ಥರ ಹೊಗೆಯ ಮಟ್ಟ ಅದು. ಸಾಮಾನ್ಯವಾಗಿ 2016ರ ಸೆಪ್ಟೆಂಬರ್ ಆದಮೇಲೆ ರಿಜಿಸ್ಟರ್ ಆದ ವ್ಯಾನ್‌ಗಳು ಯೂರೋ 6, ಆದರೂ ನಂಬರ್ ಹಾಕಿ ಚೆಕ್ ಮಾಡಿಕೊಂಡೇ ದುಡ್ಡು ಕೊಡಿ. ಸಾವಿರ ಪೌಂಡ್ ಕಮ್ಮಿ ಅಂತ ಯೂರೋ 5 ತಗೊಂಡ ನಮ್ಮ ಹಾಸನದ ಗೆಳೆಯ ವಾರಕ್ಕೆ ಐದು ದಿನ ಲಂಡನ್ ಒಳಗೆ ಓಡಿಸಿದ. ನಾಲ್ಕು ತಿಂಗಳಿಗೆ ಆ ಸಾವಿರ ಖಾಲಿ.

ಯೂರೋ 6 ಗಾಡಿಗೆ ಅದರದ್ದೇ ಕಾಟ ಇದೆ. ಸೈಲೆನ್ಸರ್ ಲೈನ್‌ನಲ್ಲಿ ಡಿಪಿಎಫ್ ಅಂತ ಒಂದು ಜರಡಿ ಇರುತ್ತದೆ, ಮಸಿ ಹಿಡಿದುಕೊಳ್ಳುತ್ತದೆ. ಆ ಮಸಿ ಉರಿದು ಹೋಗಲು ಗಾಡಿ ಆಗಾಗ ಹೈವೇಯಲ್ಲಿ ಒಂದೇ ಸಮ ಓಡಬೇಕು. ಬೀದಿ ಬೀದಿ ನಿಂತು ನಿಂತು ಪಾರ್ಸೆಲ್ ಕೊಟ್ಟ ಗಾಡಿಯಲ್ಲಿ ಅದು ಕಟ್ಟಿಕೊಂಡಿರುತ್ತದೆ. ಡ್ಯಾಶ್‌ಬೋರ್ಡ್ ಲೈಟು ಹತ್ತಿದ್ದರೆ "ಸೆನ್ಸರ್ ಅಷ್ಟೇ" ಅನ್ನುವ ಮಾತು ನಂಬಬೇಡಿ. ಕೆಲವರು ಜರಡಿಯನ್ನೇ ಕಿತ್ತು ಹಾಕಿರುತ್ತಾರೆ, ಹಾಗೆ ಕಿತ್ತಿದ್ದರೆ ಎಂಒಟಿ ಫೇಲ್. ಬೆಲ್ಟ್ ವಿಷಯವೂ ಕೇಳಿ. ಫೋರ್ಡ್ ಟ್ರಾನ್ಸಿಟ್‌ನ 2.0 ಇಕೋಬ್ಲೂ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಆಯಿಲ್ ಒಳಗೇ ಓಡುತ್ತದೆ. ಹಳೆಯದಾದರೆ ಚೂರು ಚೂರಾಗಿ ಉದುರಿ ಆಯಿಲ್ ಜಾಲರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ, ಆಯಿಲ್ ಹತ್ತದೆ ಎಂಜಿನ್ ಹೋಗುತ್ತದೆ. ಬೆಲ್ಟ್ ಬದಲಿಸಿದ್ದರೆ ಬಿಲ್ ಇರಬೇಕು. ಬಿಲ್ ಇಲ್ಲ ಅಂದರೆ ಬದಲಿಸಿಲ್ಲ ಅಂತಲೇ ಚೌಕಾಸಿ ಮಾಡಿ.

ಟೈರು ನಿಮಗೇ ಗೊತ್ತು. ಗೆರೆ 1.6 ಮಿಲಿಮೀಟರ್‌ಗಿಂತ ಕಮ್ಮಿ ಇದ್ದರೆ ಕಾನೂನು ಪ್ರಕಾರ ತಪ್ಪು, ಅಲ್ಲಿ 20 ಪೆನ್ಸ್ ನಾಣ್ಯ ಗೆರೆಯೊಳಗೆ ಇಟ್ಟು ನೋಡುತ್ತಾರೆ, ನಾಣ್ಯದ ಹೊರಗಿನ ಅಂಚು ಕಾಣಿಸಿದರೆ ಸವೆದಿದೆ ಅಂತ. ಎರಡು ಕೀ ಕೊಡುತ್ತಾರಾ ಕೇಳಿ.

ಲೋಡಿನ ವಿಷಯ ಮಾವನಿಗೆ ವಿವರಿಸಲು ನನಗೆ ಆಗಲೇ ಇಲ್ಲ. ಮುಕ್ಕಾಲು ಟನ್ ಗಾಡಿಗೆ ಒಂದೂವರೆ ಟನ್ ಬೆಲ್ಲ ಹೇರಿ, ಮುಂದಿನ ಚಕ್ರ ನೆಲ ಬಿಟ್ಟಿದೆಯಾ ಅಂತ ಬಗ್ಗಿ ನೋಡಿ ಹೊರಡುತ್ತಿದ್ದವರು ಅವರು. ಅಲ್ಲಿ ಕಾರ್ ಲೈಸೆನ್ಸ್‌ನಲ್ಲಿ ಓಡಿಸಬಹುದಾದ ವ್ಯಾನ್ ಗಾಡಿ, ಲೋಡು, ಡ್ರೈವರ್ ಎಲ್ಲ ಸೇರಿ 3,500 ಕಿಲೋ. ಗಾಡಿಯೇ ಎರಡು ಟನ್ ಮೇಲಿದ್ದರೆ ಉಳಿಯುವುದು ಎಷ್ಟು ಲೆಕ್ಕ ಹಾಕಿ. ಹಿಂದೆ ದೊಡ್ಡ ಡಬ್ಬಿ, ಎತ್ತುವ ಲಿಫ್ಟು ಇರುವ ಲೂಟನ್ ವ್ಯಾನ್ ನೋಡಲು ಮನೆ ಥರ ಇರುತ್ತದೆ, ಆದರೆ ಹೊರುವುದು ಒಂದು ಟನ್ ಆಸುಪಾಸು. ರಸ್ತೆಯಲ್ಲಿ ನಿಲ್ಲಿಸಿ ತೂಕ ಹಾಕುತ್ತಾರೆ, ಸೈಡಿಗೆ ಕರೆದು ಮಾತಾಡುವ ಪದ್ಧತಿ ಇಲ್ಲ. ವೇಗವೂ ಕಾರಿಗಿಂತ ಕಮ್ಮಿ, ಡಿವೈಡರ್ ಇಲ್ಲದ ಹೊರವಲಯದ ರಸ್ತೆಯಲ್ಲಿ ಕಾರಿಗೆ 60 ಮೈಲಿ, ಹೆಚ್ಚಿನ ವ್ಯಾನ್‌ಗಳಿಗೆ 50.

ನಮ್ಮ ಲೈಸೆನ್ಸ್ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ನಡೆಯುತ್ತದೆ. ಬದಲಿಸಿ ಕೊಡುವುದಿಲ್ಲ, ಥಿಯರಿ, ಪ್ರಾಕ್ಟಿಕಲ್ ಎರಡೂ ಹೊಸದಾಗಿ ಪಾಸ್ ಆಗಬೇಕು. ಟೆಸ್ಟ್ ಡೇಟ್ ಸಿಗುವುದಕ್ಕೇ ತಿಂಗಳುಗಟ್ಟಲೆ ಕಾಯಬೇಕು, ಅಲ್ಲಿಗೆ ಹೋಗಿ ಇಳಿದ ತಿಂಗಳಲ್ಲೇ ಅರ್ಜಿ ಹಾಕಿ. ಇನ್ಶೂರೆನ್ಸ್ ಎಷ್ಟಾಗುತ್ತದೆ ಅನ್ನುವುದನ್ನು ಗಾಡಿ ತಗೊಳ್ಳುವ ಮುಂಚೆ ಕೇಳಿ, ಆಮೇಲಲ್ಲ. ಸ್ವಂತ ಸಾಮಾನು ಹಾಕಿಕೊಂಡು ಹೋಗುವುದಕ್ಕೆ ಒಂದು ಪಾಲಿಸಿ, ಬೇರೆಯವರ ಪಾರ್ಸೆಲ್ ದುಡ್ಡಿಗೆ ಒಯ್ಯುವುದಕ್ಕೆ ಹೈರ್ ಅಂಡ್ ರಿವಾರ್ಡ್ ಅಂತ ಬೇರೆ ಪಾಲಿಸಿ. ಮೊದಲನೆಯದು ಇಟ್ಟುಕೊಂಡು ಎರಡನೆಯದು ಮಾಡಿದರೆ ಇನ್ಶೂರೆನ್ಸ್ ಇಲ್ಲದೆ ಓಡಿಸಿದ ಹಾಗೆಯೇ. ಹೊಸಬರಿಗೆ ಮೊದಲ ವರ್ಷದ ಪ್ರೀಮಿಯಂ ಕೆಲವೊಮ್ಮೆ ಹಳೇ ವ್ಯಾನ್ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ, ಸುಳ್ಳಲ್ಲ.

ಡೀಲರ್ ಹತ್ತಿರ ತಗೊಂಡರೆ 30 ದಿನದೊಳಗೆ ದೋಷ ಕಂಡರೆ ವಾಪಸ್ ಕೊಡಬಹುದು ಅಂತ ಕೇಳಿರುತ್ತೀರಿ. ಅದು 2015ರ ಗ್ರಾಹಕ ಕಾನೂನು, ಮನೆ ಬಳಕೆಗೆ ತಗೊಂಡವರಿಗೆ ಮಾತ್ರ. ವ್ಯಾಪಾರಕ್ಕೆ ಅಂತ ತಗೊಂಡ ವ್ಯಾನ್‌ಗೆ ಅದು ಸಿಗುವುದಿಲ್ಲ. ಹಾಗಾಗಿ ವಾರಂಟಿ ಏನು ಕೊಡುತ್ತೀರಿ ಅಂತ ಬರೆಸಿಕೊಳ್ಳಿ. ವ್ಯವಹಾರ ಮುಗಿದ ದಿನ ಹಳೇ ಓನರ್‌ನ ರೋಡ್ ಟ್ಯಾಕ್ಸ್ ನಿಮಗೆ ಬರುವುದಿಲ್ಲ, ವಿ5ಸಿಯಿಂದ ಹರಿದುಕೊಡುವ ಹೊಸ ಕೀಪರ್ ಚೀಟಿಯಲ್ಲಿ 12 ಅಂಕಿಯ ನಂಬರ್ ಇರುತ್ತದೆ, ಅದನ್ನು ಹಾಕಿ ಅಲ್ಲೇ ಫೋನಿನಲ್ಲಿ ಟ್ಯಾಕ್ಸ್ ಕಟ್ಟಿ ಆಮೇಲೆ ಗಾಡಿ ತೆಗೆಯಿರಿ.

ಹಾಂ, ಎತ್ತರ ಮರೆತೆ. ಅಲ್ಲಿ ಸೂಪರ್‌ಮಾರ್ಕೆಟ್, ಹಾಲ್ ಪಾರ್ಕಿಂಗ್‌ಗಳ ಬಾಗಿಲಿಗೆ ಎರಡು ಮೀಟರ್ ಆಸುಪಾಸಿನಲ್ಲಿ ಒಂದು ಕಬ್ಬಿಣದ ಅಡ್ಡಪಟ್ಟಿ ಹಾಕಿರುತ್ತಾರೆ. ನನ್ನ ಎರಡನೇ ವ್ಯಾನ್ ಹೈ ರೂಫ್. ಯುಗಾದಿ ಊಟಕ್ಕೆ ನೂರಿಪ್ಪತ್ತು ಜನರ ಬಿಸಿಬೇಳೆಬಾತ್ ತುಂಬಿಕೊಂಡು ಹೋಗಿ, ಪಟ್ಟಿಯ ಈಚೆ ನಿಂತು, ನಾಲ್ಕು ಜನ ಹುಡುಗರು ಮಳೆಯಲ್ಲಿ ಪಾತ್ರೆ ಹೊತ್ತುಕೊಂಡು ಓಡಿದರು. ಈಗಿನದು ಗಿಡ್ಡ ವ್ಯಾನ್.