ಕಾವಲಿಯಿಂದ ಕೋಣೆಯ ಬಾಗಿಲಿನವರೆಗೆ

ಮೈಸೂರಿನ ಹೋಟೆಲೊಂದರಲ್ಲಿ ರೂಮ್ ಸರ್ವಿಸ್‌ನ ಹೊಣೆ ನನ್ನ ಪಾಲಿಗೆ ಬಂದಾಗ, ಅತಿಥಿಗಳ ದೂರುಗಳಲ್ಲಿ ಹೆಚ್ಚಿನವು ಮಸಾಲೆ ದೋಸೆಯ ಕುರಿತಾಗಿದ್ದವು. ಕೆಳಗಿನ ರೆಸ್ಟೋರೆಂಟಿನಲ್ಲಿ ಗರಿಗರಿಯಾಗಿರುವ ದೋಸೆ ನಾಲ್ಕನೇ ಮಹಡಿ ತಲುಪುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ಅಡುಗೆ ಭಟ್ಟರನ್ನು ಪ್ರಶ್ನಿಸುವ ಮೊದಲು ನಾನೇ ಟ್ರೇ ಹಿಡಿದು ಹೊರಟೆ. ಬಾಗಿಲು ಮುಟ್ಟಲು 11 ನಿಮಿಷ ಬೇಕಾಯಿತು. ಅದರಲ್ಲಿ 5 ನಿಮಿಷ ಲಿಫ್ಟಿಗಾಗಿ ಕಾದದ್ದು. ಸ್ಟೀಲ್ ಮುಚ್ಚಳ ತೆಗೆದಾಗ ಅದರ ಒಳಮೈಯೆಲ್ಲ ನೀರ ಹನಿ. ಬಿಸಿ ಆರದಿರಲೆಂದು ಮುಚ್ಚಿದ ಮುಚ್ಚಳವೇ ಹಬೆಯನ್ನು ಹಿಡಿದಿಟ್ಟು ದೋಸೆಯನ್ನು ಕೆಡಿಸುತ್ತಿತ್ತು.

ಅಂದಿನಿಂದ ಆಲೂಗಡ್ಡೆ ಪಲ್ಯವನ್ನು ದೋಸೆಯೊಳಗೆ ಇಡದೆ ಬೇರೆ ಬಟ್ಟಲಲ್ಲಿ ಕಳುಹಿಸಿದೆವು. ದೋಸೆಗೆ ಮಾತ್ರ ತೂತುಗಳಿರುವ ಮುಚ್ಚಳವನ್ನು ಮಾಡಿಸಿದೆವು. ಇಡ್ಲಿಯ ವಿಷಯ ಇದಕ್ಕೆ ತದ್ವಿರುದ್ಧ: ಗಾಳಿ ತಾಗಿದರೆ ಅದರ ಮೈ ಒಣಗುವುದರಿಂದ ಅದಕ್ಕೆ ಬಿಗಿಯಾದ ಮುಚ್ಚಳವೇ ಬೇಕು. ಕಾಫಿಗೆ ಡಿಕಾಕ್ಷನ್ ಮತ್ತು ಹಾಲನ್ನು ಎರಡು ಫ್ಲಾಸ್ಕ್‌ಗಳಲ್ಲಿ ಒಯ್ದು, ಅತಿಥಿಯ ಎದುರಿಗೇ ಬೆರೆಸಿ ನೊರೆ ಬರಿಸಿ ಕೊಡುವುದನ್ನು ನಾನು ಇಂದಿಗೂ ಬಿಟ್ಟಿಲ್ಲ. ಮಧ್ಯಾಹ್ನದ ಅನ್ನ, ಸಾಂಬಾರುಗಳು ಟ್ರಾಲಿಯ ಕೆಳಗಿನ ಹಾಟ್ ಬಾಕ್ಸ್‌ನಲ್ಲಿ ಹೋಗುತ್ತವೆ. ಅವು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ರುಚಿಗಿಂತಲೂ ಮುಖ್ಯವಾಗಿ ಅತಿಥಿಯ ಆರೋಗ್ಯದ ಪ್ರಶ್ನೆ.

ದಸರಾ ದಿನಗಳಲ್ಲಿ ತೊಂದರೆಯ ಸ್ವರೂಪವೇ ಬೇರೆ. ಜಂಬೂ ಸವಾರಿಯ ಬೆಳಿಗ್ಗೆ ಬೇಗ ಹೊರಟು ಜಾಗ ಹಿಡಿಯಬೇಕೆಂದು ಎಲ್ಲರೂ ಒಂದೇ ಹೊತ್ತಿಗೆ ತಿಂಡಿ ಕೇಳುತ್ತಾರೆ. ರಾತ್ರಿ ಬಾಗಿಲ ಹಿಡಿಗೆ ತೂಗುಹಾಕುವ ತಿಂಡಿಯ ಚೀಟಿಯಲ್ಲಿ 15 ನಿಮಿಷಗಳ ಅಂತರದ ಸಮಯಗಳನ್ನು ಮುದ್ರಿಸಿ, ಒಂದು ಸಮಯಕ್ಕೆ 6 ಕೋಣೆಗಳನ್ನಷ್ಟೇ ಒಪ್ಪಿಕೊಂಡು, ಆ ಹೊತ್ತಿನಲ್ಲಿ ಸರ್ವಿಸ್ ಲಿಫ್ಟನ್ನು ಲಾಂಡ್ರಿಯವರು ಬಳಸದಂತೆ ಹೌಸ್‌ಕೀಪಿಂಗ್‌ನವರೊಡನೆ ಮಾತಾಡಿಕೊಂಡ ಮೇಲೆ ಕಾಯುವಿಕೆ ಬಹುಮಟ್ಟಿಗೆ ತಪ್ಪಿತು.

ಫೋನಿನಲ್ಲಿ ಆರ್ಡರ್ ಬರೆದುಕೊಳ್ಳುವವರಿಗೆ ನಾನು ಪಟ್ಟುಹಿಡಿದು ಕಲಿಸಿದ್ದು ಎರಡೇ: ಹೇಳಿದ್ದನ್ನು ಪೂರ್ತಿ ಮರಳಿ ಓದಿ ಹೇಳುವುದು, ಈರುಳ್ಳಿ, ಬೆಳ್ಳುಳ್ಳಿ ನಡೆಯುತ್ತದೆಯೇ ಎಂದು ವಿಚಾರಿಸುವುದು. ನವರಾತ್ರಿಯಲ್ಲಿ ವ್ರತ ಹಿಡಿದವರು ಬಹಳ ಮಂದಿ. ಅವರ ಬಾಗಿಲ ಮುಂದೆ ನಿಂತು ತಪ್ಪಾದ ತಟ್ಟೆಯನ್ನು ಹಿಂದಕ್ಕೆ ತಂದ ಸಂಕಟ ನನಗೆ ಚೆನ್ನಾಗಿ ನೆನಪಿದೆ.