ಹಿನ್ನೀರಿನಲ್ಲಿ ದೋಣಿ ಇಳಿಸಲು ಜಾಗ ಬೇಕಾ? ಹೀಗೆ ಕೇಳಿ

ಹೋದ ಬೇಸಿಗೆಯಲ್ಲಿ ಕನ್ನಂಬಾಡಿ (ಕೆಆರ್‌ಎಸ್) ಹಿನ್ನೀರಿನ ದಡದಲ್ಲಿ ಮೊಣಕಾಲುದ್ದ ಕೆಸರು ತುಳಿದೆವು. ಒಂದು ಚಪ್ಪಲಿ ಅಲ್ಲೇ ಹೂತುಹೋಯಿತು. ನೀರು ಎಲ್ಲರದ್ದು ಅಲ್ವಾ, ಹತ್ತಿರ ಹೋಗಲು ಒಂದು ದಾರಿಯಾದರೂ ಬೇಡವಾ?

ಮೊದಲು ಜಾಗ ಯಾರದ್ದು ಅಂತ ತಿಳಿಯಿರಿ. ಅಣೆಕಟ್ಟು ಕಾವೇರಿ ನೀರಾವರಿ ನಿಗಮದ್ದು, ದಡದ ಪಕ್ಕದ ಜಮೀನು ಬೇರೆಯವರದ್ದೂ ಇರಬಹುದು. ಸರ್ವೆ ನಂಬರ್ ಹಾಕಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಿ, ಚಿಕ್ಕದಾಗಿ ಬರೆಯಿರಿ.

ಜಾಗ ಯಾರದ್ದು ಅಂತ ಗೊತ್ತಾದ ಮೇಲೆ ಅವರಿಗೆ ಬೇಡಿಕೆಯ ಅರ್ಜಿ ಬರೆಯಿರಿ. ಅದರಲ್ಲಿ ಏನು ಬೇಕು ಅನ್ನುವುದೇ ಮುಖ್ಯ. ಸುಮ್ನೆ "ಮೆಟ್ಟಿಲು ಕಟ್ಟಿಸಿ" ಅನ್ನಬೇಡಿ. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ, ಬೇಸಿಗೆಯಲ್ಲಿ ನೀರು ಹತ್ತಾರು ಅಡಿ ಕೆಳಗಿಳಿಯುತ್ತದೆ, ಆಗ ತುಂಬಿದಾಗಿನ ಅಂಚಿಗೆ ಕಟ್ಟಿದ ಮೆಟ್ಟಿಲು ಒಣ ನೆಲದಲ್ಲಿ ನಿಂತುಬಿಡುತ್ತದೆ, ನೀರು ಎಲ್ಲೋ ದೂರ. ಅದಕ್ಕೇ ನೀರಿನ ಜೊತೆ ಕೆಳಗಿಳಿಯುವಷ್ಟು ಉದ್ದದ ಇಳಿಜಾರು ಕಲ್ಲುಹಾಸು, ಇಲ್ಲವೇ ತೇಲುವ ಕಟ್ಟೆ ಕೇಳಿ. ಮಾರ್ಚ್‌ನಲ್ಲಿ ಒಂದು, ಮಳೆಗಾಲದಲ್ಲಿ ನೀರು ತುಂಬಿದಾಗ ಒಂದು ಫೋಟೊ ತೆಗೆದು ಅರ್ಜಿಗೆ ಅಂಟಿಸಿದರೆ ಮಾತಿಗಿಂತ ಜಾಸ್ತಿ ಕೆಲಸ ಆಗುತ್ತದೆ.

ಅಣೆಕಟ್ಟಿನ ಪಕ್ಕದ ಜಾಗ ಕೇಳಬೇಡಿ, ಅಲ್ಲಿ ಭದ್ರತೆ ಇದೆ. ಕೆಳಗಿನ ರಂಗನತಿಟ್ಟಂತೂ ಪಕ್ಷಿಧಾಮ, ಅದನ್ನು ಬಿಟ್ಟುಬಿಡಿ.

ಊರಿನ ಮೀನುಗಾರರನ್ನು ಮಾತ್ರ ಮರೆಯಬೇಡಿ. ಬಲೆ ಎಲ್ಲಿ ಹಾಕುತ್ತಾರೆ, ತೆಪ್ಪ ಎಲ್ಲಿ ಕಟ್ಟುತ್ತಾರೆ ಅಂತ ಮೊದಲು ಅವರನ್ನೇ ಕೇಳಿ. ಗ್ರಾಮಸಭೆಯಲ್ಲಿ ಅವರೂ ನೀವೂ ಸೇರಿ ಕೇಳಿದರೆ ಠರಾವು ಮಾಡಿಸುವುದು ಸುಲಭ. ಅನುಮತಿ ಬರುವವರೆಗೆ ದೋಣಿ ಇಳಿಸಬೇಡಿ. ಬಂದ ಮೇಲೂ ಲೈಫ್ ಜಾಕೆಟ್ ಇಲ್ಲದೆ ಇಳಿಯಬೇಡಿ.