ರೀಬಿಲ್ಡ್ ಆದ 13ಬಿ ರೋಟರಿಗೆ ಟೈಮಿಂಗ್ ಕೂರಿಸುವುದು: ನನ್ನ ಅನುಭವ

ಲ್ಯಾಪ್‌ಟಾಪ್ ತೆರೆಯಲ್ಲಿ ಟೈಮಿಂಗ್ (ಪ್ಲಗ್ ಕಿಡಿ ಹೊಡೆಯುವ ಕ್ಷಣ) 10 ಡಿಗ್ರಿ ಅಂತ ಇದ್ದರೆ ಪುಲ್ಲಿಯ ಮೇಲೂ 10 ಡಿಗ್ರಿಯೇ ಕಾಣಬೇಕು. ಅದು ಖಾತ್ರಿಯಾಗುವ ತನಕ ನಾನು ಇಗ್ನಿಷನ್ ಮ್ಯಾಪ್‌ನ (ಯಾವ ವೇಗ, ಲೋಡ್‌ಗೆ ಎಷ್ಟು ಟೈಮಿಂಗ್ ಎಂಬ ಪಟ್ಟಿಯ) ಗೊಡವೆಗೆ ಹೋಗುವುದಿಲ್ಲ. ಪಿಸ್ಟನ್ ಎಂಜಿನ್ ನಾಕ್ ಆದರೆ (ಮಿಶ್ರಣ ತಾನಾಗಿಯೇ ಸಿಡಿದರೆ) ಸಾಮಾನ್ಯವಾಗಿ ಕಿವಿಗೆ ಬೀಳುತ್ತದೆ, ಕಾಲು ತೆಗೆಯಲು ಸಮಯ ಸಿಗುತ್ತದೆ. ಟರ್ಬೊ ರೋಟರಿ ಬೂಸ್ಟ್‌ನಲ್ಲಿದ್ದಾಗ (ಟರ್ಬೊ ಗಾಳಿ ಒತ್ತುತ್ತಿರುವಾಗ) ಒಂದೆರಡು ಗಟ್ಟಿ ನಾಕ್ ಸಾಕು, ರೋಟರಿನ ಮೂಲೆಯಲ್ಲಿರುವ ಎಪೆಕ್ಸ್ ಸೀಲ್ ಮುರಿಯುತ್ತದೆ. ಮುರಿದ ಚೂರು ಹೌಸಿಂಗ್ ಕೆರೆದು ಟರ್ಬೈನ್‌ಗೂ ಏಟು ಕೊಟ್ಟು ಹೊರಹೋಗುತ್ತದೆ.

ಇಲ್ಲಿ ಹೇಳುವುದು 1986ರಿಂದ 1991ರವರೆಗಿನ ಮಾಜ್ದಾ ಆರ್‌ಎಕ್ಸ್-7ರ ಟರ್ಬೊ 13ಬಿ ಬಗ್ಗೆ. ಕಂಪನಿಯ ಕ್ರ್ಯಾಂಕ್ ಆಂಗಲ್ ಸೆನ್ಸರ್ ಹಾಗೇ ಉಳಿಸಿಕೊಂಡು, ಹೊರಗಿನ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಾಕಿದ ಎಂಜಿನ್.

ಮೊದಲು ಪುಲ್ಲಿ. ಮೂಲ ಪುಲ್ಲಿಯಲ್ಲಿ ಎರಡು ಗುರುತುಗಳಿವೆ. ಪ್ರತಿ ರೋಟರಿಗೆ ಎರಡು ಪ್ಲಗ್. ಹಳದಿ ಗುರುತು ಮೊದಲು ಹೊಡೆಯುವ ಲೀಡಿಂಗ್ ಪ್ಲಗ್‌ನದು, ಟಿಡಿಸಿ (ಮಿಶ್ರಣ ಅತಿ ಹೆಚ್ಚು ಒತ್ತಿರುವ ಸ್ಥಾನ) ದಾಟಿ 5 ಡಿಗ್ರಿ. ಕೆಂಪು ಗುರುತು ಆಮೇಲೆ ಹೊಡೆಯುವ ಟ್ರೇಲಿಂಗ್‌ನದು, ಟಿಡಿಸಿ ದಾಟಿ 20 ಡಿಗ್ರಿ. ಟಿಡಿಸಿಗೇ ಗುರುತಿಲ್ಲ, ಪಿಸ್ಟನ್ ಎಂಜಿನ್ ಕೆಲಸ ಮಾಡಿ ಬಂದವರು ಹಳದಿಯನ್ನೇ ಸೊನ್ನೆ ಅಂದುಕೊಂಡು ಐದು ಡಿಗ್ರಿ ಕಳೆದುಕೊಳ್ಳುವುದು ಇಲ್ಲೇ. ಹಾಗಾಗಿ ಟಿಡಿಸಿ ಗುರುತನ್ನು ನಾನೇ ಹಾಕಿಕೊಳ್ಳುತ್ತೇನೆ. ಪುಲ್ಲಿಯ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ಅಳೆದು 3.1416ರಿಂದ ಗುಣಿಸಿ 360ರಿಂದ ಭಾಗಿಸಿದರೆ ಒಂದು ಡಿಗ್ರಿಯ ಅಗಲ ಸಿಗುತ್ತದೆ. ವ್ಯಾಸ 150 ಮಿ.ಮೀ. ಇದ್ದರೆ ಒಂದು ಡಿಗ್ರಿಗೆ 1.31 ಮಿ.ಮೀ., ಐದಕ್ಕೆ 6.5. ಎಂಜಿನ್ ಮುಂದೆ ನಿಂತು ನೋಡಿದರೆ ಎಕ್ಸೆಂಟ್ರಿಕ್ ಶಾಫ್ಟ್ (ರೋಟರಿಯ ಕ್ರ್ಯಾಂಕ್ ಶಾಫ್ಟ್) ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಎಂಜಿನ್ ಮೇಲೆ ಅಲುಗದೆ ನಿಂತಿರುವ ಗುರುತಿನ ಪಿನ್ನಿಗೆ ಟಿಡಿಸಿ ಮೊದಲು ಬರಬೇಕಾದ್ದರಿಂದ ಅದರ ಗುರುತು ಹಳದಿಗಿಂತ ಅದೇ ದಿಕ್ಕಿನಲ್ಲಿ ಐದು ಡಿಗ್ರಿ ಮುಂದೆ ಬರುತ್ತದೆ. ಅಲ್ಲಿಂದ ಇನ್ನೂ ಮುಂದಕ್ಕೆ 10 ಮತ್ತು 20 ಡಿಗ್ರಿ ಅಡ್ವಾನ್ಸ್ (ಟಿಡಿಸಿಗೆ ಮೊದಲಿನ) ಗೆರೆಗಳನ್ನೂ ಬಿಳಿ ಪೇಂಟ್‌ನಿಂದ ಎಳೆದಿಟ್ಟುಕೊಂಡರೆ ಮುಂದೆ ಅನುಕೂಲ. ಹೊರಗಿನ ಪುಲ್ಲಿ ಹಾಕಿದ್ದರೆ ಅದರ ಮೇಲಿನ ಗುರುತನ್ನು ನಂಬುವುದಿಲ್ಲ, ಮೂಲ ಪುಲ್ಲಿ ಕೂರಿಸಿ ಗುರುತು ವರ್ಗಾಯಿಸಿಕೊಳ್ಳುತ್ತೇನೆ.

ಸೆನ್ಸರ್ ಎಕ್ಸೆಂಟ್ರಿಕ್ ಶಾಫ್ಟ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಒಳಗೆ 24 ಹಲ್ಲಿನ ಚಕ್ರ, 2 ಹಲ್ಲಿನ ಚಕ್ರ. ಅಂದರೆ ಶಾಫ್ಟ್‌ನ ಒಂದು ಸುತ್ತಿಗೆ ಇಸಿಯುಗೆ ಸಿಗುವುದು 12 ಪಲ್ಸ್ ಮತ್ತು ಎಣಿಕೆ ಶುರು ಮಾಡಲು ಒಂದು ಹೋಮ್ ಪಲ್ಸ್. ಕೂರಿಸುವಾಗ ಹಳದಿ ಗುರುತನ್ನು ಪಿನ್ನಿಗೆ ತಂದು, ಸೆನ್ಸರ್ ಗೇರಿನ ಮೇಲಿನ ಸಣ್ಣ ಕುಳಿಯನ್ನು ಬಾಡಿಯ ಗುರುತಿಗೆ ಹೊಂದಿಸಿ ಇಳಿಸಬೇಕು. ಒಂದು ಹಲ್ಲು ತಪ್ಪಿದರೂ ಶಾಫ್ಟ್ ಲೆಕ್ಕದಲ್ಲಿ ಹತ್ತು ಡಿಗ್ರಿಗೂ ಹೆಚ್ಚು ವ್ಯತ್ಯಾಸ. ಬಾಡಿಯ ಬೋಲ್ಟನ್ನು ಸೀಳಿನ ನಡುವೆ ಬಿಗಿದು ಅಲ್ಲಿಗೇ ಬಿಡುತ್ತೇನೆ. ಉಳಿದ ಸಣ್ಣ ತಿದ್ದುಪಡಿಯೆಲ್ಲ ಇಸಿಯು ಒಳಗೆ.

ಇವು ಮ್ಯಾಗ್ನೆಟಿಕ್ ಸೆನ್ಸರ್‌ಗಳು, ಎರಡು ವೈರಿನ ಧ್ರುವ ಅದಲುಬದಲಾದರೂ ಎಂಜಿನ್ ಸ್ಟಾರ್ಟ್ ಆಗಬಹುದು. ಕೆಡುಕು ಇರುವುದೇ ಅಲ್ಲಿ. ಸಿಗ್ನಲ್ ಸೊನ್ನೆಯನ್ನು ಕಡಿದಾಗಿ ದಾಟುವ ಅಂಚನ್ನು ಇಸಿಯು ಹಿಡಿಯಬೇಕು. ಧ್ರುವ ತಪ್ಪಿದರೆ ಅದು ಇಳಿಜಾರಾದ ಅಂಚನ್ನು ಹಿಡಿಯುತ್ತದೆ, ಆರ್‌ಪಿಎಂ ಏರಿದ ಹಾಗೆ ಟೈಮಿಂಗ್ ಜಾರುತ್ತದೆ. ಆಸಿಲೋಸ್ಕೋಪ್ ಇದ್ದರೆ ಸ್ಟಾರ್ಟರ್ ತಿರುಗಿಸಿ ಅಲೆಯ ಆಕಾರ ನೋಡಿಬಿಡುವುದು ಒಳ್ಳೆಯದು. ಸೆನ್ಸರ್ ವೈರ್ ಶೀಲ್ಡ್ ಇರುವಂಥದ್ದೇ ಆಗಬೇಕು, ಕಾಯಿಲ್ ವೈರಿನ ಜೊತೆ ಕಟ್ಟಬಾರದು. ಪ್ಲಗ್‌ಗಳೂ ರೆಸಿಸ್ಟರ್ ಇರುವಂಥವೇ ಇರಲಿ.

ಕಾಯಿಲ್ ವಿಚಾರದಲ್ಲಿ ರೋಟರಿಗೆ ಅದರದೇ ಹಟವಿದೆ. ಶಾಫ್ಟ್‌ನ ಪ್ರತಿ ಸುತ್ತಿಗೂ ಪ್ರತಿ ರೋಟರ್ ಒಮ್ಮೆ ಉರಿಯುತ್ತದೆ, ಎರಡರ ನಡುವೆ 180 ಡಿಗ್ರಿ ಅಂತರ. ಲೀಡಿಂಗ್ ಪ್ಲಗ್ ಎರಡನ್ನೂ ಒಟ್ಟಿಗೆ ಹೊಡೆಯುವ ವೇಸ್ಟೆಡ್ ಸ್ಪಾರ್ಕ್ ಪದ್ಧತಿಯನ್ನು ಕಂಪನಿಯೇ ಬಳಸಿದೆ, ತೊಂದರೆಯಿಲ್ಲ. ಟ್ರೇಲಿಂಗ್‌ಗೆ ಅದು ಸಲ್ಲದು. ಟಿಡಿಸಿ ದಾಟಿ 180 ಡಿಗ್ರಿಯ ಹೊತ್ತಿಗೆ ರೋಟರಿನ ಮೂಲೆ ಎರಡು ಪ್ಲಗ್‌ಗಳ ನಡುವೆ ಬಂದಿರುತ್ತದೆ. ಲೀಡಿಂಗ್ ತೂತು ಇನ್ನೂ ಉರಿದ ಗಾಳಿಯ ಕಡೆಗಿರುತ್ತದೆ, ಟ್ರೇಲಿಂಗ್ ತೂತು ಹಿಂದೆ ಬರುತ್ತಿರುವ ಹೊಸ ಮಿಶ್ರಣಕ್ಕೆ ತೆರೆದುಕೊಂಡಿರುತ್ತದೆ. ಆಗ ಅಲ್ಲಿ ಕಿಡಿ ಬಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಡ್ವೆಲ್ (ಕಾಯಿಲ್ ತುಂಬಲು ಕೊಡುವ ಸಮಯ) ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು. 8000 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 7.5 ಮಿಲಿಸೆಕೆಂಡ್. ವೇಸ್ಟೆಡ್ ಸ್ಪಾರ್ಕ್‌ನಲ್ಲಿ ಒಂದೇ ಕಾಯಿಲ್ ಸುತ್ತಿಗೆ ಎರಡು ಸಲ ಹೊಡೆಯಬೇಕು, ಅಂದರೆ ನಡುವೆ 3.75 ಮಿಲಿಸೆಕೆಂಡ್ ಮಾತ್ರ. 4 ಮಿಲಿಸೆಕೆಂಡ್ ಡ್ವೆಲ್ ಬೇಡುವ ಕಾಯಿಲ್ ಅಲ್ಲಿ ತುಂಬುವುದೇ ಇಲ್ಲ. ಪ್ಲಗ್‌ಗೊಂದರಂತೆ ನಾಲ್ಕು ಕಾಯಿಲ್ ಹಾಕುವುದಕ್ಕೆ ನನಗೆ ಈ ಒಂದು ಕಾರಣವೇ ಸಾಕು.

ಸ್ಟಾರ್ಟರ್ ಮುಟ್ಟುವ ಮೊದಲು ಇಸಿಯುನ ಔಟ್‌ಪುಟ್ ಟೆಸ್ಟ್‌ನಲ್ಲಿ ಒಂದೊಂದೇ ಕಾಯಿಲ್ ಹೊಡೆಸಿ ನೋಡಬೇಕು. ಪ್ಲಗ್ ಬಿಚ್ಚಿ ಬಾಡಿಗೆ ಗ್ರೌಂಡ್ ಮಾಡಿರಬೇಕು, ಸುತ್ತ ಪೆಟ್ರೋಲ್ ಆವಿ ಇರಕೂಡದು. ಎಲ್1, ಎಲ್2, ಟಿ1, ಟಿ2 (ಒಂದನೇ, ಎರಡನೇ ರೋಟರಿನ ಲೀಡಿಂಗ್ ಮತ್ತು ಟ್ರೇಲಿಂಗ್) ಹೇಳಿದ ಕಡೆಯೇ ಕಿಡಿ ಕಾಣಬೇಕು. ಹೌಸಿಂಗ್‌ನಲ್ಲಿ ಮೇಲಿನದು ಟ್ರೇಲಿಂಗ್, ಕೆಳಗಿನದು ಲೀಡಿಂಗ್. ಇವೆರಡು ಅದಲುಬದಲಾದರೂ ಎಂಜಿನ್ ಓಡುತ್ತದೆ, ಮಂಕಾಗಿ, ಬಿಸಿಯಾಗಿ. ಇದೇ ಅಂತ ಗುರುತಿಸುವುದು ಕಷ್ಟ.

ಆಮೇಲೆ ಇಂಜೆಕ್ಟರ್ ಕನೆಕ್ಟರ್ ಕಿತ್ತು, ಇಸಿಯುನಲ್ಲಿ ಟೈಮಿಂಗ್ ಲಾಕ್ ಮಾಡುತ್ತೇನೆ: ಲೀಡಿಂಗ್ ಮೈನಸ್ 5 (ಟಿಡಿಸಿ ದಾಟಿ 5), ಸ್ಪ್ಲಿಟ್ (ಲೀಡಿಂಗ್, ಟ್ರೇಲಿಂಗ್ ನಡುವಿನ ಅಂತರ) 15. ಟೈಮಿಂಗ್ ಲೈಟ್‌ಗೆ (ಪ್ರತಿ ಕಿಡಿಗೂ ಮಿನುಗಿ ಪುಲ್ಲಿ ಗುರುತು ತೋರಿಸುವ ದೀಪ) ಬೇರೆ ಬ್ಯಾಟರಿ ಕೊಡುವುದು ವಾಸಿ, ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ಬಿದ್ದರೆ ಲೈಟ್ ತಪ್ಪು ತಪ್ಪಾಗಿ ಮಿನುಗುತ್ತದೆ. ಡಯಲ್ ಇರುವ ಲೈಟಾದರೆ ಡಯಲ್ ಸೊನ್ನೆಯಲ್ಲೇ ಇರಲಿ. ಎರಡು ಸುತ್ತಿಗೆ ಒಂದು ಕಿಡಿ ಎಂದುಕೊಂಡು ಅದು ಲೆಕ್ಕ ಹಾಕುವುದರಿಂದ ರೋಟರಿಯಲ್ಲಿ ಡಯಲ್‌ನ ಅಂಕಿ ಸುಳ್ಳು ಹೇಳುತ್ತದೆ.

ಲೈಟಿನ ಕ್ಲಾಂಪ್ ಎಲ್1 ವೈರಿಗೆ. ಹಳದಿ ಗುರುತು ಪಿನ್ನಿನ ಎದುರು ನಿಲ್ಲಬೇಕು. ಮೂರು ಡಿಗ್ರಿ ಆಚೀಚೆ ಇದ್ದರೆ ಟ್ರಿಗರ್ ಆಫ್‌ಸೆಟ್ (ಸೆನ್ಸರ್ ಪಲ್ಸ್‌ಗೂ ಟಿಡಿಸಿಗೂ ಇರುವ ಅಂತರದ ಅಂಕಿ) ಅಷ್ಟು ಡಿಗ್ರಿ ಬದಲಾಯಿಸುವುದು. ಪ್ಲಸ್ ಅಂದರೆ ಯಾವ ಕಡೆ ಎಂಬುದು ಒಂದೊಂದು ಇಸಿಯುನಲ್ಲಿ ಒಂದೊಂದು ಥರ, ಒಂದು ಡಿಗ್ರಿ ಬದಲಿಸಿ ನೋಡಿದರೆ ಗೊತ್ತಾಗುತ್ತದೆ. ನಂತರ ಕ್ಲಾಂಪನ್ನು ಟಿ1ಕ್ಕೆ ಹಾಕಿ ಕೆಂಪು ಗುರುತು ನೋಡಬೇಕು. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಲೀಡಿಂಗ್ ವೇಸ್ಟೆಡ್ ಸ್ಪಾರ್ಕ್ ಆಗಿದ್ದರೆ ಲೈಟ್ ಸುತ್ತಿಗೆ ಎರಡು ಸಲ ಮಿನುಗುತ್ತದೆ, ಹಳದಿ ಗುರುತು ಪಿನ್ನಿನ ಎದುರೂ ಕಾಣುತ್ತದೆ, ಅದರ ನೇರ ಆಚೆ ಬದಿಯಲ್ಲೂ ಕಾಣುತ್ತದೆ. ಆಫ್‌ಸೆಟ್ 180 ಡಿಗ್ರಿ ತಪ್ಪಿದ್ದರೂ ಎಲ್1ರಲ್ಲಿ ಎಲ್ಲ ಸರಿಯಿದೆ ಅನ್ನಿಸುತ್ತದೆ. ಟಿ1 ಸುತ್ತಿಗೆ ಒಮ್ಮೆ ಮಾತ್ರ ಮಿನುಗುವುದರಿಂದ ಅಲ್ಲಿ ತಪ್ಪು ಅಡಗಿ ಕೂರುವುದಿಲ್ಲ. ಟಿ1, ಟಿ2 ವೈರ್ ಅದಲುಬದಲಾದರೂ ಇದೇ ಲಕ್ಷಣ, ಅದಕ್ಕೇ ಔಟ್‌ಪುಟ್ ಟೆಸ್ಟ್ ಮೊದಲು ಮುಗಿದಿರಬೇಕು.

ಎಂಜಿನ್ ಹೊತ್ತಿದ ಮೇಲೆ ಲಾಕ್ ಹಾಗೇ ಇಟ್ಟುಕೊಂಡು 1000ದಲ್ಲಿ ಒಮ್ಮೆ, 4000ದಲ್ಲಿ ಸ್ವಲ್ಪ ಹೊತ್ತು ನೋಡಬೇಕು. ಐಡಲ್‌ನಲ್ಲಿ ಗುರುತು ಒಂದು ಡಿಗ್ರಿಯಷ್ಟು ನಡುಗಿದರೆ ಅದು ಸೆನ್ಸರ್ ಗೇರಿನ ಸಡಿಲ, ತಲೆ ಕೆಡಿಸಿಕೊಳ್ಳುವುದು ಬೇಡ. ಒಂದೇ ದಿಕ್ಕಿಗೆ ಜಾರುತ್ತಾ ಹೋದರೆ ಮೊದಲು ಧ್ರುವ ಪರೀಕ್ಷಿಸಿ, ಅದು ಸರಿಯಿದ್ದರೆ ಇಗ್ನಿಷನ್ ಡಿಲೇ (ಕಿಡಿ ತಡವಾಗುವುದನ್ನು ಸರಿದೂಗಿಸುವ ಅಂಕಿ) ತಿದ್ದುವುದು. 1000ದಿಂದ 4000ಕ್ಕೆ ಎರಡು ಡಿಗ್ರಿ ಹಿಂದೆ ಬಿದ್ದರೆ ಸುಮಾರು 110 ಮೈಕ್ರೋಸೆಕೆಂಡ್ ಸೇರಿಸಬೇಕು. ಹೊಸ ಸೀಲ್‌ಗಳು ಇನ್ನೂ ಕೂತಿರದೆ ಕಂಪ್ರೆಷನ್ ಕಡಿಮೆ ಇರುತ್ತದೆ, ಜೋಡಿಸುವಾಗ ಹಚ್ಚಿದ ಎಣ್ಣೆ ಪ್ಲಗ್ ಮಸಿಯಾಗಿಸುತ್ತದೆ. ಮೊದಲ ಸ್ಟಾರ್ಟ್‌ಗೆ ಹಳೆ ಪ್ಲಗ್ ಸಾಕು. ಪೆಟ್ರೋಲಿಗೆ ಲೀಟರಿಗೆ 8 ಮಿ.ಲೀ. ಟೂ-ಸ್ಟ್ರೋಕ್ ಎಣ್ಣೆ ಬೆರೆಸುತ್ತೇನೆ.

ಮ್ಯಾಪ್‌ನಲ್ಲಿ ನಾನು ಶುರು ಮಾಡುವ ಅಂಕಿಗಳು ಎಚ್ಚರಿಕೆಯವು. ಕ್ರ್ಯಾಂಕಿಂಗ್ ಮತ್ತು ಐಡಲ್‌ಗೆ ಲೀಡಿಂಗ್ ಮೈನಸ್ 5, ಹಗುರ ಕ್ರೂಸ್‌ನಲ್ಲಿ 25ರ ಸುಮಾರು, 1 ಬಾರ್ ಬೂಸ್ಟ್‌ನಲ್ಲಿ 10ರಿಂದ 12. ಬೂಸ್ಟ್‌ನಲ್ಲಿ ಸ್ಪ್ಲಿಟ್ 12ರಿಂದ 15, ಲೋಡ್‌ನಲ್ಲಿ ಟ್ರೇಲಿಂಗ್ ಎಂದೂ ಲೀಡಿಂಗ್‌ಗಿಂತ ಮುಂದೆ ಹೋಗಬಾರದು. ರನ್ನಿಂಗ್-ಇನ್ ಮುಗಿಯುವ ತನಕ ಬೂಸ್ಟೇ ಇಲ್ಲ. ಹಾಗಂತ ಟೈಮಿಂಗನ್ನು ಸಿಕ್ಕಾಪಟ್ಟೆ ಹಿಂದೆ ಎಳೆಯುವುದೂ ಕ್ಷೇಮವಲ್ಲ, ರೋಟರಿಯ ಎಕ್ಸಾಸ್ಟ್ ಮೊದಲೇ ಬಿಸಿ, ಟರ್ಬೈನ್ ಸುಟ್ಟುಕೊಳ್ಳುತ್ತದೆ. ಟೈಮಿಂಗ್ ಲಾಕ್ ತೆಗೆಯದೆ ಗಾಡಿ ಹೊರಗೆ ತಂದರೂ ಇದೇ ಗತಿ: ಮೈನಸ್ 5ರಲ್ಲೇ ಓಡಿ ಮ್ಯಾನಿಫೋಲ್ಡ್ ಕೆಂಪಗಾಗುತ್ತದೆ. ಲಾಕ್ ತೆಗೆದು, ಸೇವ್ ಮಾಡಿ, ಇಸಿಯು ಆಫ್ ಮಾಡಿ ಮತ್ತೆ ಆನ್ ಮಾಡಿದ ಮೇಲೂ ಲಾಕ್ ಹೋಗಿದೆಯೇ ಅಂತ ನೋಡಿಕೊಂಡೇ ಲ್ಯಾಪ್‌ಟಾಪ್ ಕೇಬಲ್ ಕೀಳುವುದು.